ಏಳು ಕಲ್ಲಿನ ತೊಟ್ಟಿ

ಒಂಬತ್ತನೆಯ ಅಧ್ಯಾಯ

“ಅದ ಮಾತ್ರ ಮುಟ್ಬ್ಯಾಡಿ ಸ್ವಾಮಿ,” ಎಂದಳು ಪುಟ್ಟಸಿದ್ದಮ್ಮ.

ಸಬ್‌ಇನ್‌ಸ್ಪೆಕ್ಟರ್ ಶಾಂತಮಲ್ಲಪ್ಪ ಅಳತೆ ತೊಟ್ಟಿಯ ಅಂಚಿನಲ್ಲಿ ಬೋರಲು ಮಲಗಿ, ಬಲಗೈಯನ್ನು ತೋಳಿನವರೆಗೆ ನೀರಿಗೆ ಇಳಿಬಿಟ್ಟಿದ್ದ. ತಳದಲ್ಲಿ ಹೂಳು ಎಷ್ಟಿದೆ ಎಂದು ನೋಡಲು ಹೋದವನ ಬೆರಳಿಗೆ ಹೂಳಿಗೆ ಬದಲು ದುಂಡನೆಯ ಕಲ್ಲೊಂದು ತಗುಲಿತು. ಪಕ್ಕದಲ್ಲಿ ಇನ್ನೊಂದು. ಕೈ ಹೊರಗೆ ತೆಗೆದ. ಉಗುರಿನ ಸಂದಿಯಲ್ಲಿ ಅರಿಶಿನ ಮೆತ್ತಿತ್ತು.

“ಏನಮ್ಮ ಇದು?”

“ಗಂಗಮ್ಮ.”

“ಎಷ್ಟು ಕಲ್ಲಿವೆ?”

“ಏಳು. ಈ ಕೆರೆ ನೀರು ಏಳೂರಿಗಲ್ವಾ, ಊರಿಗೊಂದು. ಒಂದೊಂದ ಉಳ್ಳಿಸ್ಕೊಂಡು ಬರಕೆ ಇಬ್ರು ಗಂಡಾಳು ಬೇಕು. ಒಸ ನೀರು ಬುಟ್ಟ ದಿನ ಇಳಿಸ್ಬುಟ್ರೆ ಅದಿನೈದು ದಿನ ಯಾರೂ ಅಲ್ಗಾಡ್ಸಂಗಿಲ್ಲ. ಪೂಜೆ ನಮ್ಮನೆಯವ್ರದೇಯ. ನೀರುಗಂಟಿ ಕೈ ಸೋಕ್ದೆ ಗಂಗಮ್ಮ ಒಳೀಕೆ ಬರಾಕಿಲ್ಲ.”

ಅವಳು ಮಾತಾಡುತ್ತಿದ್ದುದು ಹತ್ತು ಮಾರು ದೂರ ನಿಂತು. ಗಂಡ, ಕೆರೆಯ ನೀರು ಬಿಡುವ ನೀರುಗಂಟಿ ಹುಚ್ಚಯ್ಯ, ಗುಂಡ್ಲುಪೇಟೆಯ ಲಾಕಪ್ಪಿನಲ್ಲಿದ್ದ. ನಾಳೆ, ಸೋಮವಾರ, ಅವನನ್ನು ಚಾಮರಾಜನಗರದ ಕೋರ್ಟಿಗೆ ಕರೆದೊಯ್ಯಬೇಕು. ಒಯ್ಯಬೇಕಾದವನು ಶಾಂತಮಲ್ಲಪ್ಪನೇ.

ನಡೆದದ್ದು ಇಷ್ಟು. ಒಂಬತ್ತು ದಿನದ ಹಿಂದಿನ ಶುಕ್ರವಾರ ಸೋಮನಕಟ್ಟೆ ಕೆರೆಯ ತೂಬು ಎತ್ತಿ ವರ್ಷದ ಮೊದಲ ನೀರು ಬಿಟ್ಟರು. ಕೆಳಗಿನ ಮೋರಿಯಲ್ಲಿ ಮಣ್ಣು ಕಟ್ಟಿದೆಯೆಂದು ಸಂಜೆ ಮುಚ್ಚಿ ಬೀಗ ಹಾಕಿದರು. ಶನಿವಾರ ಬೆಳಗಿನ ಜಾವ ಚಿಕ್ಕಮಲ್ಲಪ್ಪನೆಂಬ ರೈತ ಮಣ್ಣು ಬಾಚಲು ಮೋರಿಯೊಳಗೆ ತೆವಳಿಕೊಂಡು ಹೋಗಿದ್ದಾಗ ಯಾರೋ ತೂಬು ಎತ್ತಿದರು. ಅವನು ಹೊರಬಂದದ್ದು ಹೆಣವಾಗಿ.

ತೂಬಿನ ಬೀಗಕ್ಕೆ ಎರಡೇ ಕೈ. ಒಂದು ಹುಚ್ಚಯ್ಯನ ಉಡಿದಾರದಲ್ಲಿ. ಇನ್ನೊಂದು ಓವರ್ಸೀಯರ್ ಪುಟ್ಟಮಲ್ಲಪ್ಪನವರ ಪೆಟ್ಟಿಗೆಯಲ್ಲಿ. ಆ ಪುಟ್ಟಮಲ್ಲಪ್ಪ ಶಾಂತಮಲ್ಲಪ್ಪನ ಸ್ವಂತ ಭಾವ, ಅಕ್ಕ ಗಂಗಾಂಬಿಕೆಯ ಗಂಡ. ಪೂಜೆಗೆ ಬಂದ ಗಂಡಹೆಂಡತಿ ಆ ರಾತ್ರಿ ಏರಿಯ ಕೆಳಗಿನ ಇಲಾಖೆ ಬಂಗಲೆಯಲ್ಲೇ ಉಳಿದಿದ್ದರು.

“ಕಲ್ಲು ಇಳಿಸಿದ್ದು ಓವರ್ಸೀಯರಿಗೆ ಗೊತ್ತಾ?” ಎಂದು ಕೇಳಿದ.

ಪುಟ್ಟಸಿದ್ದಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುವೋ, ಅಂಜಿಕೆಯೋ ತಿಳಿಯಲಿಲ್ಲ.

“ಗೊತ್ತಾದ್ರೆ ಬುಟ್ಟಾರಾ? ಓದ್ ವರ್ಸ ಕಂಡ್ಬುಟ್ಟು, ಸರ್ಕಾರ್ದ ತೊಟ್ಟಿ ಒಳೀಕೆ ಕಲ್ಲಾಕುದ್ರೆ ಏಳೂರ್ನೂ ಜೈಲಿಗ್ ಕಳುಸ್ತೀನಿ ಅಂದ್ರು. ಅದ್ಕೇ ಈ ಸಾರಿ ಅವ್ರು ಮಂಗ್ಳಾರ್ತಿ ತಕೊಂಡು ಬಂಗ್ಲೆಗೆ ಊಟಕ್ ಓದ್ಮೇಲೆ ಇಳಿಸ್ಬುಟ್ಟೊ.”

“ಶುಕ್ರವಾರವೇ?”

“ಸುಕ್ರುವಾರ್ವೇಯ. ಮದ್ದಾನ.”

ಶಾಂತಮಲ್ಲಪ್ಪ ಎದ್ದು ಕೂತ. ಅಂಗಿಯ ತೋಳಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅದನ್ನು ಹಿಂಡುವುದನ್ನೂ ಮರೆತು, ಕಾಲುವೆಗೆ ಅಡ್ಡ ನಿಲ್ಲಿಸಿದ ಕಬ್ಬಿಣದ ತಗಡನ್ನೇ ನೋಡುತ್ತ ಕೂತ. ತಗಡಿನ ನಡುವೆ, ಹಕ್ಕಿ ಕೊಕ್ಕು ತೆರೆದ ಹಾಗೆ ಒಂದು ಕೊಯ್ತ. ಪಕ್ಕದಲ್ಲಿ ಅಂಗುಲದ ಗುರುತು. ನೀರು ಆ ಕೊಕ್ಕಿನಲ್ಲಿ ಎಷ್ಟು ಎತ್ತರಕ್ಕೆ ಹರಿಯುತ್ತಿದೆ, ಬರಿದು ಮಾಡಿದ ತೊಟ್ಟಿ ಎಷ್ಟು ಸೆಕೆಂಡಿಗೆ ತುಂಬಿತು, ಎರಡನ್ನೂ ಅಳೆದು ಬರೆಯುವುದು ಗೇಜ್ ರೀಡರ್ ಗುರುಮಲ್ಲಯ್ಯನ ಕೆಲಸ. ಆ ಶನಿವಾರ ಮಾತ್ರ ಗುರುಮಲ್ಲಯ್ಯನಿಗೆ ಜ್ವರ. ಅವತ್ತಿನ ಆರು ಅಳತೆ ತೆಗೆದವರು ಭಾವ.

ಹಾಗೆಂದು ಭಾವನೇ ಹೇಳಿಕೆ ಬರೆಸಿದ್ದರು. ಐದು ಗಂಟೆಗೆ ನೀರಿನ ಸದ್ದು ಕೇಳಿ ತೊಟ್ಟಿಯ ಹತ್ತಿರ ಬಂದೆ, ಹುಚ್ಚಯ್ಯ ಒಬ್ಬನೇ ತೂಬಿನ ಕಡೆಯಿಂದ ಇಳಿದು ಹೋದದ್ದನ್ನು ಕಂಡೆ, ಹೊಸ ನೀರಿನ ಅಳತೆ ಬಿಟ್ಟುಹೋಗಬಾರದೆಂದು ಗಂಟೆಗೊಂದರಂತೆ ಆರು ಸಾರಿ ತೆಗೆದೆ, ಕೆಳಗೆ ಮೋರಿಯಲ್ಲಿ ಆಳಿದ್ದದ್ದು ನನಗೆ ತಿಳಿಯದು. ಹುಚ್ಚಯ್ಯನನ್ನು ಕಟ್ಟಿಹಾಕಿದ್ದ ಹಗ್ಗ ಆ ಮಾತೊಂದೇ.

ಬರೀ ಮಾತನ್ನು ಶಾಂತಮಲ್ಲಪ್ಪ ನಂಬಿರಲಿಲ್ಲ. ಭಾವನಾದರೂ ಸರಿಯೇ, ಅಳತೆಯನ್ನು ಲಾಗರಿದಮ್ ಲೆಕ್ಕದ ಒರೆಗೆ ಹಚ್ಚಿಯೇ ನಂಬಿದ್ದು.

ಆ ಒರೆಗಲ್ಲು ಕೊಟ್ಟವರೂ ಭಾವನೇ. ಹದಿನಾರನೆಯ ವಯಸ್ಸಿನಲ್ಲಿ, ತಂದೆ ತೀರಿಕೊಂಡು ಅಕ್ಕನ ಮನೆ ಸೇರಿದ ವರ್ಷ, ಭಾವ ಇದೇ ತೊಟ್ಟಿಯ ದಂಡೆಯ ಮೇಲೆ ಅವನನ್ನು ಕೂರಿಸಿಕೊಂಡು ಹೇಳಿಕೊಟ್ಟಿದ್ದರು. ಕೊಕ್ಕಿನಲ್ಲಿ ನೀರಿನ ಎತ್ತರ ಎರಡರಷ್ಟಾದರೆ ಹರಿವು ಎರಡರಷ್ಟಾಗುವುದಿಲ್ಲ. ನಾಲ್ಕು ಅಂಗುಲಕ್ಕೆ ತೊಟ್ಟಿ ತುಂಬಲು ಐನೂರ ಅರವತ್ತೈದು ಸೆಕೆಂಡು. ಎಂಟು ಅಂಗುಲಕ್ಕೆ ಬರೀ ನೂರು. ಮಾಮೂಲು ಚೌಕಳಿ ಕಾಗದದಲ್ಲಿ ಚುಕ್ಕೆಯಿಟ್ಟರೆ ಗೆರೆ ಬಾವಿಗೆ ಬಿದ್ದಂತೆ ಧುಮುಕಿ, ಆಮೇಲೆ ನೆಲ ಸಿಕ್ಕವರಂತೆ ಚಪ್ಪಟೆಯಾಗುತ್ತದೆ. ಬಾಗಿದ ಗೆರೆಯಲ್ಲಿ ಸರಿ ಯಾವುದು, ಸೊಟ್ಟ ಯಾವುದು ಎಂದು ಯಾವ ಕಣ್ಣಿಗೂ ಗೊತ್ತಾಗದು.

“ಎತ್ತರದ ಲಾಗು ಹಿಡಿ, ಸೆಕೆಂಡಿನ ಲಾಗು ಹಿಡಿ, ಆಮೇಲೆ ಚುಕ್ಕೆ ಇಡು,” ಎಂದಿದ್ದರು ಭಾವ. “ಹಸೀ ಬಿದಿರನ್ನ ಬೆಂಕಿಗೆ ಹಿಡಿದು ನೆಟ್ಟಗೆ ಮಾಡ್ತಾರಲ್ಲ, ಹಂಗೆ ಕಣಪ್ಪ. ಗುಣಾಕಾರವೆಲ್ಲ ಸಂಕಲನ ಆಗ್ಬುಡ್ತದೆ, ಬಾಗಿದ್ದು ನೆಟ್ಟಗಾಗ್ತದೆ.”

ನಿಜಕ್ಕೂ ನೆಟ್ಟಗಾಗಿತ್ತು. ಒಂದಂಗುಲ ಬಲಕ್ಕೆ ಸರಿದರೆ ಎರಡೂವರೆ ಅಂಗುಲ ಕೆಳಕ್ಕೆ, ನೂಲು ಹಿಡಿದಂಥ ಗೆರೆ. ಹೊಸ ಹಾಳೆಗೆ ಇಳಿಸಿಕೊಂಡ ಆ ಹಳೆಯ ಗೆರೆಯ ಮೇಲೆ ಶನಿವಾರದ ಆರು ಅಳತೆಯೂ ಬಂದು ಕೂತಾಗ ಶಾಂತಮಲ್ಲಪ್ಪ ತನ್ನ ಕೈಯಾರೆ ವರದಿಯಲ್ಲಿ ಬರೆದಿದ್ದ: ‘ಸಾಕ್ಷಿದಾರರು ಸ್ಥಳದಲ್ಲಿ ಇದ್ದುದು ಅಳತೆಗಳಿಂದ ಖಚಿತವಾಗಿದೆ.’

ಇವತ್ತು ಬೆಳಿಗ್ಗೆ ತೆರಕಣಾಂಬಿಯಲ್ಲಿ ಗುರುಮಲ್ಲಯ್ಯನ ಮನೆಗೆ ಹೋಗಿ ಅವನ ಸೀಸದಕಡ್ಡಿಯ ಪುಸ್ತಕ ತಂದಿರದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಶುಕ್ರವಾರ ಸಂಜೆಯ ಮೂರು ಅಳತೆ, ಭಾನುವಾರದಿಂದ ನಿನ್ನೆಯವರೆಗಿನ ಇಪ್ಪತ್ತೊಂದು. ಅವನ್ನೂ ಅದೇ ಹಾಳೆಗೆ ಏರಿಸಿದ. ಒಂದೂ ಹಳೆಯ ಗೆರೆಯ ಮೇಲೆ ಬೀಳಲಿಲ್ಲ.

ಈಗ ಮತ್ತೆ ಚೀಲದಿಂದ ಹಾಳೆ ತೆಗೆದು ಕಲ್ಲುಚಪ್ಪಡಿಯ ಮೇಲೆ ಹರಡಿದ. ಪುಟ್ಟಸಿದ್ದಮ್ಮ ನಾಲ್ಕು ಹೆಜ್ಜೆ ಮುಂದೆ ಬಂದು ಇಣುಕಿದಳು.

“ರಂಗೋಲೆ ಬುಟ್ಟಿದ್ದೀರಾ ಸ್ವಾಮಿ?”

“ಹೂಂ. ಹೇಗಿದೆ ಹೇಳು.”

ಅವಳು ತಲೆ ವಾಲಿಸಿ ನೋಡಿದಳು. ದಿನಾ ಬಾಗಿಲಿಗೆ ಚುಕ್ಕಿ ಇಡುವ ಕಣ್ಣು. “ಇವೆಲ್ಲ ಒಂದ್ ಸಾಲು. ಸ್ವಲ್ಪ ಅತ್ತಿತ್ತ ಆಗವೆ, ಕೈ ನಡುಗ್ದೋರು ಯಾರವ್ರೆ ಬುಡಿ. ಮ್ಯಾಗಲ ಆರು ಚುಕ್ಕಿ ಬ್ಯಾರೆ ಮನೇವು. ಅವು ಅಲ್ಲಾಡೇ ಇಲ್ಲ.”

ಶಾಂತಮಲ್ಲಪ್ಪ ಆ ಆರು ಚುಕ್ಕೆಗಳನ್ನು ಬೆರಳಿನಿಂದ ಮತ್ತೆ ಎಣಿಸಿದ.

ಏಳು ಕಲ್ಲು ಇಳಿದರೆ ತೊಟ್ಟಿ ಹಿಡಿಯುವ ನೀರು ಎಂಟರಲ್ಲೊಂದು ಪಾಲು ಕಡಿಮೆ. ತುಂಬುವ ಹೊತ್ತೂ ಎಂಟರಲ್ಲೊಂದು ಪಾಲು ಕಡಿಮೆ. ಎಂಟು ಅಂಗುಲಕ್ಕೆ ನೂರು ಸೆಕೆಂಡಲ್ಲ, ಎಂಬತ್ತೆಂಟು. ಲಾಗಿನ ಹಾಳೆಯಲ್ಲಿ ಅದರಿಂದ ಗೆರೆ ಸೊಟ್ಟಗಾಗುವುದಿಲ್ಲ. ಇದ್ದ ಓರೆಯಲ್ಲೇ ಅರ್ಧ ಅಂಗುಲ ಕೆಳಗೆ ಜರುಗಿ, ನೇಗಿಲ ಸಾಲಿನ ಪಕ್ಕದ ಸಾಲಿನಂತೆ ಕೂರುತ್ತದೆ. ಶುಕ್ರವಾರದಿಂದ ನಿನ್ನೆಯವರೆಗೆ ಗುರುಮಲ್ಲಯ್ಯ ಕಣ್ಣಾರೆ ಅಳೆದದ್ದೆಲ್ಲ ಆ ಕೆಳಗಿನ ಸಾಲಿನಲ್ಲಿತ್ತು. ಶನಿವಾರವೂ ಕಲ್ಲು ಒಳಗೇ ಇದ್ದವು. ಆದರೂ ಶನಿವಾರದ ಆರು ಅಳತೆ ಮಾತ್ರ ಕಲ್ಲಿಲ್ಲದ ತೊಟ್ಟಿಯವು.

ಅಂಥ ತೊಟ್ಟಿ ಅವತ್ತು ಇದ್ದದ್ದು ಹಳೆಯ ಗೆರೆಯ ಹಾಳೆಯಲ್ಲಿ ಮಾತ್ರ. ಆ ಹಾಳೆಯ ಮೂಲ ಪ್ರತಿ ಇದ್ದದ್ದು ಭಾವನ ಮೇಜಿನಲ್ಲಿ.

“ನಮ್ಮೆಜಮಾನ್ರು ನಾಳೀಕೆ ಬತ್ತರಾ ಸ್ವಾಮಿ?” ಎಂದಳು ಪುಟ್ಟಸಿದ್ದಮ್ಮ.

“ಸಂಜೆಗೆ ಹೇಳ್ತೀನಿ,” ಎಂದು ಟೋಪಿ ಎತ್ತಿಕೊಂಡ. ಅವಳ ಮುಖ ನೋಡಲಿಲ್ಲ.

*

ಗುಂಡ್ಲುಪೇಟೆಯಲ್ಲಿ ಬಸ್ಸಿಳಿದಾಗ ಮೂರು ಗಂಟೆ. ಭಾವನ ಮನೆಯ ಜಗುಲಿಯಲ್ಲಿ ಹುರುಳಿ ಒಣಹಾಕಿತ್ತು. ಅಕ್ಕ ಗಂಗಾಂಬಿಕೆ ಕೋಳಿ ಅಟ್ಟಲು ಕೋಲು ಹಿಡಿದು ಕೂತಿದ್ದವಳು ಎದ್ದಳು.

“ಅಂಗಿಯೆಲ್ಲ ಕೆಸರು. ಎಲ್ಲಿ ಬಿದ್ದೆಯೋ ಶಾಂತು?”

“ಎಲ್ಲೂ ಇಲ್ಲ ಅಕ್ಕ. ಭಾವ ಇದ್ದಾರಾ?”

“ಇದ್ದಾರೆ. ಉಂಡು ಹೋಗಬೇಕು, ಈಗಲೇ ಹೇಳಿದ್ದೀನಿ. ಪೊಲೀಸರ ಹಂಗೆ ಬಂದು ಪೊಲೀಸರ ಹಂಗೆ ಹೋಗಬೇಡ,” ಎಂದು ಒಳಗೆ ಹೋದಳು.

ಪುಟ್ಟಮಲ್ಲಪ್ಪ ನಡುಮನೆಯಲ್ಲಿ ಚಾಪೆಯ ಮೇಲೆ ನಕ್ಷೆ ಹರಡಿಕೊಂಡು ಕೂತಿದ್ದರು. ನಲವತ್ತೈದರ ಆಳು. ಹಣೆಯ ವಿಭೂತಿ ಸ್ನಾನ ಮಾಡಿದ ಹೊತ್ತಿನಷ್ಟೇ ಅಚ್ಚುಕಟ್ಟಾಗಿತ್ತು. ಕನ್ನಡಕದ ಮೇಲಿಂದ ನೋಡಿ ನಕ್ಕರು.

“ಬಾರಪ್ಪ ದೊರೆ. ನಾಳೆ ಮೆರವಣಿಗೆ ಹೊರಡ್ತದಾ?”

“ಹೊರಡಬೇಕು. ಅದಕ್ಕೆ ಮುಂಚೆ ಒಂದೆರಡು ಮಾತು ಕೇಳೋಣ ಅಂತ ಬಂದೆ. ಕೋರ್ಟಲ್ಲಿ ವಕೀಲರು ಕೇಳ್ತಾರೆ, ಈಗಲೇ ಅಭ್ಯಾಸ ಆಗಲಿ.”

“ಕೇಳು ಕೇಳು. ನಿನಗೆ ಲೆಕ್ಕ ಹೇಳಿಕೊಟ್ಟೋನು ನಾನು, ಕೋರ್ಟಿಗೆ ಹೆದರ್ತೀನಾ?”

ಶಾಂತಮಲ್ಲಪ್ಪ ಎದುರಿಗೆ ಕೂತ. ಚೀಲವನ್ನು ತೊಡೆಯ ಮೇಲೆಯೇ ಇಟ್ಟುಕೊಂಡ.

“ಶನಿವಾರದ ಆರು ಅಳತೆಯೂ ನೀವೇ ತೆಗೆದದ್ದಲ್ಲವಾ ಭಾವ?”

“ನಾನೇ. ವಾಚು ಕೈಯಲ್ಲಿ ಹಿಡ್ಕೊಂಡು.”

“ಪ್ರತಿ ಸಾರಿಯೂ ತೊಟ್ಟಿ ಬರಿದು ಮಾಡಿದಿರಾ?”

“ಇದೇನು ಮಗ್ಗಿ ಒಪ್ಪಿಸಿಕೊಳ್ತಾ ಇದ್ದೀಯಾ? ಬರಿದು ಮಾಡದೆ ಅಳೆದರೆ ಅದು ಅಳತೆನಾ? ತಳದ ಬಿರಡೆ ಎಳೆದು, ತೊಟ್ಟು ನೀರಿಲ್ಲದ ಹಂಗೆ ಬಸಿದು, ಆಮೇಲೆ ನೀರು ತಿರುಗಿಸಿದ್ದು.”

“ಬೆಳಕು ಹರಿದಿತ್ತಾ?”

“ಮೊದಲನೇದಕ್ಕೆ ಲಾಟೀನು. ಆಮೇಲೆ ಒಳ್ಳೇ ಬೆಳಕು.”

“ತಳ ಕಂಡಿತಾ?”

“ಕನ್ನಡಿ ಹಂಗೆ ಕಂಡಿತು. ನೆಲಹಾಸಿನ ಚಪ್ಪಡಿ ಒಂದೂ ಅಲುಗಿಲ್ಲ. ಬೇಕಾದರೆ ಅದನ್ನೂ ಬರ್ಕೊ.”

ಶಾಂತಮಲ್ಲಪ್ಪ ಬರೆದುಕೊಂಡ. ಮನಸ್ಸಿನ ಮೂಲೆಯಲ್ಲಿ ಎಲ್ಲೋ, ಭಾವ ‘ಅಯ್ಯೋ, ಆ ಹಳ್ಳಿಯೋರ ಕಲ್ಲು’ ಎಂದು ಗೊಣಗಲಿ ಎಂದು ಕಾದಿದ್ದ. ಒಂದು ಮಾತು ಗೊಣಗಿದ್ದರೆ ಸಾಕಿತ್ತು. ಹಾಳೆಯನ್ನು ಹರಿದು, ಕಾಲು ಮುಟ್ಟಿ, ಊಟಕ್ಕೆ ಕೂರುತ್ತಿದ್ದ.

“ತೊಟ್ಟಿಯೊಳಗೆ ಏಳು ಗುಂಡುಕಲ್ಲಿವೆ ಭಾವ. ಒಂದೊಂದೂ ಇಬ್ಬರು ಉರುಳಿಸುವಂಥದ್ದು. ಶುಕ್ರವಾರ ಮಧ್ಯಾಹ್ನ ನೀವು ಊಟಕ್ಕೆ ಹೋದ ಮೇಲೆ ಇಳಿಸಿದ್ದಾರೆ. ಇವತ್ತಿಗೂ ಅಲ್ಲೇ ಇವೆ.”

ಪುಟ್ಟಮಲ್ಲಪ್ಪ ನಕ್ಷೆಯ ಮೂಲೆಯೊಂದನ್ನು ಬೆರಳಿನಿಂದ ಒತ್ತಿ ಸರಿಮಾಡಿದರು. ಅದು ಮತ್ತೆ ಸುರುಳಿಯಾಯಿತು.

“ಹಳ್ಳಿ ಜನ. ಆಮೇಲೆ ಹಾಕಿದ್ದನ್ನ ಮೊದಲೇ ಹಾಕಿದ್ದೀವಿ ಅಂತಾರೆ. ಹುಚ್ಚಯ್ಯನ ಹೆಂಡತಿ ಹೇಳಿದಳಾ?”

“ಅವಳೂ ಹೇಳಿದಳು. ಇದೂ ಹೇಳಿತು.” ಹಾಳೆಯನ್ನು ತೆಗೆದು ನಕ್ಷೆಯ ಮೇಲೆ ಇಟ್ಟ. “ಶುಕ್ರವಾರ ಸಂಜೆ ಗುರುಮಲ್ಲಯ್ಯ ಅಳೆದದ್ದು ಕೆಳಗಿನ ಸಾಲಿನಲ್ಲಿದೆ. ಭಾನುವಾರದ್ದೂ ಅಲ್ಲೇ. ಅಂದರೆ ಎರಡು ದಿನವೂ ಕಲ್ಲಿತ್ತು. ನಡುವೆ ಶನಿವಾರ ಒಂದು ದಿನ ಏಳು ಕಲ್ಲೂ ತಾವಾಗಿ ಮೇಲೆದ್ದು, ದಂಡೆಯ ಮೇಲೆ ಕೂತು, ನಿಮ್ಮ ಅಳತೆ ಮುಗಿದ ಮೇಲೆ ಮತ್ತೆ ಇಳಿದವಾ?”

“ಕೊಕ್ಕಿಗೆ ಕಸ ಸಿಕ್ಕಿದ್ದಿರಬಹುದು.”

“ಕಸ ಸಿಕ್ಕರೆ ಚುಕ್ಕೆ ಚೆದುರುತ್ತವೆ. ಇವು ಕೂದಲೆಳೆಯಷ್ಟೂ ಚೆದುರಿಲ್ಲ. ಗುರುಮಲ್ಲಯ್ಯನ ಚುಕ್ಕೆ ನೋಡಿ, ಒಂದು ಮೇಲೆ ಒಂದು ಕೆಳಗೆ, ಮನುಷ್ಯ ಅಳೆದ ಹಾಗಿವೆ. ನಿಮ್ಮವು ಅಳೆದವಲ್ಲ ಭಾವ. ಗೆರೆಯಿಂದ ಇಳಿಸಿಕೊಂಡು ಬರೆದವು.”

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತ್ತು. ಯಾವಾಗ ನಿಂತಿತೋ ಇಬ್ಬರಿಗೂ ಗೊತ್ತಾಗಲಿಲ್ಲ.

ಪುಟ್ಟಮಲ್ಲಪ್ಪ ಕನ್ನಡಕ ತೆಗೆದು ಪಂಚೆಯ ಚುಂಗಿನಿಂದ ಬಹಳ ಹೊತ್ತು ಒರೆಸಿದರು. ಕನ್ನಡಕವಿಲ್ಲದ ಮುಖ ಬೇರೆಯವರ ಮುಖದಂತೆ ಕಂಡಿತು.

“ಚೆನ್ನಾಗಿ ಕಲ್ತಿದ್ದೀಯ,” ಎಂದರು.

“ಕಲಿತದ್ದಕ್ಕೇ ಮೋಸಹೋದೆ. ಬೇರೆ ಯಾವ ಇನ್‌ಸ್ಪೆಕ್ಟರೂ ಲಾಗ್ ಟೇಬಲ್ ಹಿಡಿದು ಕೂರುವುದಿಲ್ಲ. ನಾನು ಕೂರುತ್ತೇನೆ ಅಂತ ನಿಮಗೆ ಗೊತ್ತಿತ್ತು. ಗೆರೆಯ ಮೇಲೆ ಬಿದ್ದರೆ ಇನ್ನೇನೂ ಕೇಳದೆ ನಂಬುತ್ತೇನೆ ಅಂತಲೂ ಗೊತ್ತಿತ್ತು. ಅದಕ್ಕೇ ಆರು ಅಳತೆ ಕಟ್ಟಿದಿರಿ. ಹುಚ್ಚಯ್ಯನನ್ನು ಹಿಡಿಯೋದಕ್ಕೆ ಅಳತೆ ಬೇಕಿರಲಿಲ್ಲ. ಅದು ನನ್ನೊಬ್ಬನಿಗೇ ಅಂತ ಮಾಡಿದ ಅಡುಗೆ.”

“ಶಾಂತು.”

“ಹದಿನಾರು ವರ್ಷದ ಹುಡುಗನಿಗೆ ಅದನ್ನು ಹೇಳಿಕೊಟ್ಟಾಗ, ಒಂದು ದಿನ ಇದೇ ದಾರಿಯಲ್ಲಿ ನನ್ನ ಕಣ್ಣು ಕಟ್ಟುತ್ತೀರಿ ಅಂತ ನೀವೂ ಅಂದುಕೊಂಡಿರಲಿಕ್ಕಿಲ್ಲ. ಆದರೆ ಕಟ್ಟಿದಿರಿ. ಆ ಮನುಷ್ಯ ಒಂಬತ್ತು ದಿನದಿಂದ ನಾನು ಹಾಕಿದ ಕಂಬಿಯ ಹಿಂದೆ ಕೂತಿದ್ದಾನೆ. ‘ನೀವು ಓದ್ಕಂಡೋರು ಬುದ್ಧಿ, ನೀವು ಹೇಳುದ್ರೆ ಸರಿಯೇ ಇರ್ಬೇಕು’ ಅಂದ. ಅದನ್ನೂ ನಾನು ನಂಬಿಕೆಯ ಮಾತು ಅಂತ ತಿಳಿದೆ.”

ಪುಟ್ಟಮಲ್ಲಪ್ಪ ಕನ್ನಡಕವನ್ನು ಮತ್ತೆ ಹಾಕಿಕೊಳ್ಳಲಿಲ್ಲ.

“ಬರೆದದ್ದು ನಾನು,” ಎಂದರು. “ಬಂಗಲೆಯಲ್ಲಿ ಕೂತೇ ಬರೆದೆ. ತೊಟ್ಟಿಯ ಹತ್ತಿರ ಹೋಗಲಿಲ್ಲ. ಹುಚ್ಚಯ್ಯನ್ನ ಕಾಣಲೂ ಇಲ್ಲ.”

“ಹೇಳಿಕೆ ಬದಲಾಯಿಸಿ. ಈಗಲೇ ನನ್ನ ಜೊತೆ ಠಾಣೆಗೆ ಬನ್ನಿ, ನಾನೇ ಬರ್ಕೊಳ್ತೀನಿ. ನಿಮ್ಮ ಕೆಲಸ ಹೋಗಬಹುದು. ಅವನ ಜೀವ ಉಳಿಯುತ್ತೆ.”

“ಬರ್ತೀನಿ. ಕೆಲಸ ಹೋಗಲಿ, ಜೈಲೂ ಆಗಲಿ.” ಆ ಹಾಳೆಯನ್ನೇ ನೋಡುತ್ತ, “ಆದರೆ ತೂಬು ಎತ್ತಿದ್ದು ನಾನಲ್ಲ,” ಎಂದರು.

“ಮತ್ತೆ ಯಾರು?”

“ಅದೊಂದನ್ನ ನನ್ನ ಬಾಯಲ್ಲಿ ಕೇಳಬೇಡ.”

“ನಿಮ್ಮ ಪೆಟ್ಟಿಗೆಯ ಬೀಗದ ಕೈ ಯಾರ ಕೈಗೆ ಹೋಯಿತು ಭಾವ?”

ಉತ್ತರ ಬರುವ ಮೊದಲೇ ಹೊರಗೆ ಸೈಕಲ್ಲು ಗೋಡೆಗೆ ಒರಗಿದ ಸದ್ದಾಯಿತು. ಠಾಣೆಯ ದಫೇದಾರ ಮಾದಪ್ಪ ಹುರುಳಿಯನ್ನು ತುಳಿಯದಂತೆ ಒಂಟಿಕಾಲಲ್ಲಿ ದಾಟಿ, ಬಾಗಿಲಲ್ಲಿ ನಿಂತು ಸೆಲ್ಯೂಟು ಹೊಡೆದ. ಬೆವರಿನಲ್ಲಿ ಮಿಂದಿದ್ದ.

“ಸ್ವಾಮಿ, ಬಸ್ ಸ್ಟ್ಯಾಂಡ್ನಲ್ಲಿ ಇಳುದ್ರಂತೆ ಅಂದ್ರು, ಇಲ್ಲೇ ಇರ್ತೀರಿ ಅಂತ ಬಂದೆ. ನಮ್ ಕೆಲ್ಸ ಅಗೂರಾಯ್ತು ಬುಡಿ. ಹುಚ್ಚಯ್ಯ ಒಪ್ಕೊಬುಟ್ಟ.”

“ಏನು ಒಪ್ಪಿಕೊಂಡ?”

“ತೂಬು ಎತ್ತುದ್ದು ನಾನೇ ಅಂತ. ಒಂಬತ್ ದಿನ ಕಲ್ಲಂಗೆ ಕೂತಿದ್ದೋನು, ಮದ್ದಾನದಿಂದ ಅದೊಂದೇ ಮಾತು. ನಾಳೀಕೆ ಕೋರ್ಟಲ್ಲಿ ದೊರೆ ಮುಂದಕೂ ಅದ್ನೇ ಏಳ್ತೀನಿ ಅಂತವ್ನೆ. ಕೈ ಮುಗ್ದು, ಬಿರ್ನೆ ಕರ್ಕೊಂಡೋಗಿ ಅಂತವ್ನೆ ಸ್ವಾಮಿ.”

ನಕ್ಷೆಯ ಮೇಲಿದ್ದ ಹಾಳೆ ಶಾಂತಮಲ್ಲಪ್ಪನ ಪಾಲಿಗೆ ಒಮ್ಮೆಲೇ ಬರೀ ಹಾಳೆಯಾಯಿತು. ತಾನೇ ಮಾಡಿದೆ ಎಂದು ಮ್ಯಾಜಿಸ್ಟ್ರೇಟರ ಎದುರು ಕೈಮುಗಿದು ನಿಲ್ಲುವವನನ್ನು ಯಾವ ಲಾಗು ಬಿಡಿಸೀತು?

“ಬೆಳಿಗ್ಗೆಯ ತನಕ ನಾನಲ್ಲ ನಾನಲ್ಲ ಅಂತಿದ್ದನಲ್ಲಯ್ಯ. ಯಾರಾದರೂ ಹೊಡೆದರಾ?”

“ಮುಟ್ಟಿಲ್ಲ ಸ್ವಾಮಿ. ನನ್ ಮಕ್ಳಾಣೆ.”

“ಯಾರಾದರೂ ನೋಡೋಕೆ ಬಂದಿದ್ದರಾ?”

“ವೊರಗ್ನೋರು ಯಾರೂ ಬಂದಿಲ್ಲ.” ಮಾದಪ್ಪ ತಲೆ ಕೆರೆದುಕೊಂಡು, ಅಡುಗೆಮನೆಯ ಬಾಗಿಲತ್ತ ಒಮ್ಮೆ ನೋಡಿ, ಧ್ವನಿ ತಗ್ಗಿಸಿದ. “ನಮ್ಮ ಅಮ್ಮಾವ್ರು ಬಂದಿದ್ರು, ಅಷ್ಟೇಯ. ಕಂಬಿ ತಾವ ಕೂತ್ಕೊಂಡು ಅರ್ಧ ಗಂಟೆ ಮಾತಾಡುದ್ರು. ನಿಮ್ಮಕ್ಕನೋರು, ಬ್ಯಾಡ ಅನ್ನಕಾಯ್ತದಾ ಸ್ವಾಮಿ?”

ಶಾಂತಮಲ್ಲಪ್ಪ ಭಾವನ ಕಡೆ ತಿರುಗಿದ. ಪುಟ್ಟಮಲ್ಲಪ್ಪನವರ ಬಾಯಿ ತೆರೆದಿತ್ತು. ಅಕ್ಕ ಲಾಕಪ್ಪಿಗೆ ಹೋದದ್ದು ಅವರಿಗೂ ಹೊಸ ಸುದ್ದಿ. ಚಾಪೆಯ ಮೇಲೆ ತಡಕಾಡಿ ಕನ್ನಡಕ ಹುಡುಕುತ್ತಿದ್ದರು. ಅದು ಅವರ ಇನ್ನೊಂದು ಕೈಯಲ್ಲೇ ಇತ್ತು.

ಅಡುಗೆಮನೆಯ ಹೊಸಿಲ ಮೇಲೆ ಗಂಗಾಂಬಿಕೆ ಬಂದು ನಿಂತಳು. ಕೈ ಒರೆಸಿಕೊಂಡಳು. ತಂದೆ ಸತ್ತ ದಿನವೂ ಅಳದೆ ತಮ್ಮನಿಗೆ ಅನ್ನ ಕಲಸಿ ಕೊಟ್ಟ ಅದೇ ಮುಖ.

“ಮಾದಪ್ಪ, ನೀನು ಹೊರಡಪ್ಪ,” ಎಂದಳು. ಅವನು ಜಗುಲಿ ಇಳಿಯುವವರೆಗೆ ಕಾದಳು.

“ಅಕ್ಕ, ಹುಚ್ಚಯ್ಯನಿಗೆ ಏನು ಹೇಳಿದೆ?”

“ಹೇಳ್ತೀನಿ. ನೀನು ತೂಬು ಯಾಕೆ ಎತ್ತಿದೆ ಅಂತ ಕೇಳು, ಅದನ್ನೂ ಹೇಳ್ತೀನಿ. ಬೀಗದ ಕೈ ಹೇಗೆ ಸಿಕ್ಕಿತು, ಎಷ್ಟು ಹೊತ್ತಿಗೆ ಹೋದೆ, ಎಲ್ಲಾನೂ ಬರ್ಕೊ ಶಾಂತು.” ಅವಳ ಕಣ್ಣು ತಮ್ಮನ ಮೇಲೆಯೇ ಇತ್ತು. “ಚಿಕ್ಕಮಲ್ಲಪ್ಪ ಮೋರಿ ಒಳಗಿದ್ದದ್ದು ನನಗೆ ಗೊತ್ತಿತ್ತಾ ಅಂತ ಮಾತ್ರ ಕೇಳಬೇಡ.”